ವೇಷ ತೊಡಲು ನಾಚಿದ ಪವರ್ ರೇಂಜರ್ಸ್

ಮಕ್ಕಳ ಧಾರಾವಾಹಿಯನ್ನು ಕೈಗೆತ್ತಿಕೊಂಡು, ಅದು ಮಕ್ಕಳದ್ದೆಂಬ ಕಾರಣಕ್ಕೇ ನಾಚಿಕೊಳ್ಳುತ್ತ ಸಿನಿಮಾ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. 2017ರಲ್ಲಿ ಡೀನ್ ಇಸ್ರೇಲೈಟ್ ನಿರ್ದೇಶಿಸಿದ ‘ಪವರ್ ರೇಂಜರ್ಸ್’ ಚಿತ್ರವನ್ನು ಮೊನ್ನೆ ಮಗನೊಂದಿಗೆ ಮನೆಯಲ್ಲಿ ನೋಡಿದ ಮೇಲಂತೂ ಈ ಸಿಟ್ಟು ಇಮ್ಮಡಿಯಾಗಿದೆ.

1993ರಲ್ಲಿ ಅಮೆರಿಕದಲ್ಲಿ ಆರಂಭವಾದ ಮೂಲ ಧಾರಾವಾಹಿ ಮಹಾನ್ ಕಲಾಕೃತಿಯೇನಲ್ಲ. ಜಪಾನಿನ ‘ಜ್ಯುರೇಂಜರ್’ ಸರಣಿಯ ಹೊಡೆದಾಟದ ದೃಶ್ಯಗಳನ್ನು ತಂದು, ಅವುಗಳ ನಡುವೆ, ಬಣ್ಣದ ವೇಷ ತೊಟ್ಟು ರಾಕ್ಷಸರೊಡನೆ ಕಾದಾಡುವ ಐವರು ಅಮೆರಿಕದ ಹುಡುಗ ಹುಡುಗಿಯರ ಕಥೆಯನ್ನು ಪೋಣಿಸಿದ ಅಗ್ಗದ ಉಪಾಯ ಅದು. ಮುಖವನ್ನು ಪೂರ್ತಿ ಮುಚ್ಚುವ ಹೆಲ್ಮೆಟ್ ಇದ್ದುದರಿಂದ ಒಳಗಿರುವವರು ಯಾವ ದೇಶದವರೆಂದು ಯಾವ ಮಗುವಿಗೂ ತಿಳಿಯುತ್ತಿರಲಿಲ್ಲ. ಆ ಬಣ್ಣದ ವೇಷವೇ ಧಾರಾವಾಹಿಯ ಬಂಡವಾಳವಾಗಿತ್ತು. ಇಪ್ಪತ್ತು ಚಿಲ್ಲರೆ ನಿಮಿಷಗಳ ಕಂತಿನೊಳಗೆ ಐವರೂ ವೇಷ ತೊಟ್ಟು, ರಾಕ್ಷಸ ಆಳೆತ್ತರ ಮೀರಿ ಬೆಳೆದು, ಐವರ ಯಂತ್ರಗಳೆಲ್ಲ ಕೂಡಿ ಮೆಗಾಜಾರ್ಡ್ ಎಂಬ ದೈತ್ಯ ರೋಬೊಟ್ ಆಗಿಬಿಡುತ್ತಿದ್ದವು.

ಈ ಚಿತ್ರವೋ 124 ನಿಮಿಷಗಳದ್ದು. ಐವರೂ ಒಟ್ಟಾಗಿ ಕವಚ ತೊಡುವುದು ಕೊನೆಯ ಭಾಗದಲ್ಲಿ ಮಾತ್ರ. ಬಣ್ಣದ ವೇಷ ಚೌಕಿಯಿಂದ ಹೊರಬರುವಷ್ಟರಲ್ಲಿ ಬೆಳಕು ಹರಿದುಬಿಡುವ ಆಟದಂತೆ. ಅಲ್ಲಿಯವರೆಗೆ ಶಾಲೆಯ ಶಿಕ್ಷೆ, ಮನೆಯ ಜಗಳ, ಗೆಳತಿಯ ಖಾಸಗಿ ಫೋಟೊ ಹಂಚಿದ ಪಶ್ಚಾತ್ತಾಪ, ಮತ್ತೆ ಮತ್ತೆ ವಿಫಲವಾಗುವ ತರಬೇತಿ. ‘ಡ್ರೆಸ್ ಯಾವಾಗ ಹಾಕ್ಕೊಳ್ತಾರಪ್ಪಾ?’ ಎಂದು ಮಗ ಕೇಳುತ್ತಲೇ ಇದ್ದ. ಅದಕ್ಕಿಂತ ಮುಜುಗರವಾದದ್ದು ಆರಂಭದಲ್ಲಿ ಬರುವ, ಹಸುವೆಂದು ತಿಳಿದು ಹೋರಿಯ ಹಾಲು ಕರೆಯಲು ಹೊರಟವನ ಪೋಲಿ ಹಾಸ್ಯ. ‘ಹೋರಿ ಎಲ್ಲಾದರೂ ಹಾಲು ಕೊಡುತ್ತಾ?’ ಎಂಬ ಪ್ರಶ್ನೆಗೆ ನಾನೇನು ಉತ್ತರ ಕೊಡಬೇಕಿತ್ತು ಎಂಬುದನ್ನು ಚಿತ್ರಕಥೆ ಬರೆದವರೇ ಹೇಳಲಿ. ಅಮೆರಿಕದಲ್ಲೇ ಇದಕ್ಕೆ ಸಿಕ್ಕಿದ್ದು ಹದಿಮೂರರ ಕೆಳಗಿನವರ ಬಗ್ಗೆ ಪೋಷಕರನ್ನು ಎಚ್ಚರಿಸುವ ಪಿಜಿ-13. ಹಾಗಿದ್ದ ಮೇಲೆ ಯಾರ ನೆಚ್ಚಿನ ಹೆಸರಿನಲ್ಲಿ ಇದನ್ನು ಮಾರಿದಿರಿ?

ಐವರಲ್ಲೊಬ್ಬನಾದ ಬಿಲ್ಲಿಯ ಪಾತ್ರದಲ್ಲಿ ಆರ್.ಜೆ. ಸೈಲರ್ ಚೆನ್ನಾಗಿದ್ದಾರೆ, ಅದನ್ನು ಒಪ್ಪುತ್ತೇನೆ. ತೊಂಬತ್ತರ ದಶಕದಲ್ಲಿ ಇದೇ ಧಾರಾವಾಹಿಯ ರಾಕ್ಷಸರಿಗೆ ಕಂಠದಾನ ಮಾಡಿದ್ದ ಬ್ರಯಾನ್ ಕ್ರ್ಯಾನ್‌ಸ್ಟನ್ ಅವರನ್ನಾದರೆ ಐವರಿಗೆ ದಾರಿ ತೋರುವ, ಗೋಡೆಯೊಳಗಿನ ಮುಖವನ್ನಾಗಿ ಮಾಡಿ ಕೂರಿಸಿದ್ದಾರೆ. ಇನ್ನು ಭೂಮಿಯ ಜೀವಕ್ಕೇ ಆಧಾರವಾದ ಸ್ಫಟಿಕ ಹುದುಗಿರುವುದು ಎಲ್ಲಿ ಎಂದುಕೊಂಡಿರಿ? ಕ್ರಿಸ್ಪಿ ಕ್ರೀಮ್ ಡೋನಟ್ ಅಂಗಡಿಯ ಕೆಳಗೆ! ಊರಿಗೆ ಊರೇ ಪುಡಿಯಾಗುತ್ತಿರುವಾಗ ಖಳನಾಯಕಿ ರೀಟಾ ಆ ಅಂಗಡಿಯಲ್ಲಿ ಕುಳಿತು ಡೋನಟ್ ಮೆಲ್ಲುತ್ತಾಳೆ. ಮಕ್ಕಳ ವೇಷಕ್ಕೆ ನಾಚಿದವರಿಗೆ ಈ ಜಾಹೀರಾತಿಗೆ ಮಾತ್ರ ಯಾವ ನಾಚಿಕೆಯೂ ಆಗಲಿಲ್ಲ.

ಮಕ್ಕಳು ಕುಣಿಯುತ್ತಿದ್ದ ಆ ಶೀರ್ಷಿಕೆ ಗೀತೆಯನ್ನೂ ಕೆಲವೇ ಕ್ಷಣ ಕೇಳಿಸಿ ಕತ್ತರಿಸಿದ್ದಾರೆ. ಕೊನೆಯಲ್ಲಿ ಮೂಲ ಧಾರಾವಾಹಿಯಲ್ಲಿ ಹಸಿರು ವೇಷದ ರೇಂಜರ್ ಆಗಿದ್ದ ಟಾಮಿ ಆಲಿವರ್‌ನ ಹೆಸರನ್ನು ಕೂಗಿಸಿ, ಖಾಲಿ ಕುರ್ಚಿಯ ಮೇಲೊಂದು ಹಸಿರು ಜಾಕೆಟ್ ತೋರಿಸಿ, ಮುಂದಿನ ಭಾಗದ ಆಸೆಯನ್ನೂ ಹುಟ್ಟಿಸಿದರು. ಆ ಮುಂದಿನ ಭಾಗ ಬರಲೇ ಇಲ್ಲ, ಬಾರದಿದ್ದುದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ.