ಒಂದೇ ಚಾರ್ಜಿನಲ್ಲಿ ಧರ್ಮಸ್ಥಳ

ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಕಾರಿನ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಬೆಲೆಯದ್ದಲ್ಲ. "ಒಂದೇ ಚಾರ್ಜಿನಲ್ಲಿ ಧರ್ಮಸ್ಥಳಕ್ಕೆ ಹೋಗುತ್ತಾ?" ಕೇಳುವವರು ದಿನಾ ಹೋಗುವುದು ಜಯನಗರದಿಂದ ಸಿಲ್ಕ್ ಬೋರ್ಡಿಗೆ. ಧರ್ಮಸ್ಥಳಕ್ಕೆ ವರ್ಷಕ್ಕೊಂದು ಸಲ, ಅದೂ ಭಾವನವರ ಇನ್ನೋವಾದಲ್ಲಿ. ಆದರೂ ಕಾರು ಕೊಳ್ಳುವಾಗ ಕಣ್ಣಿಗೆ ಕಟ್ಟುವುದು ಶಿರಾಡಿ ಘಾಟಿಯೇ: ರಾತ್ರಿ, ಜಡಿಮಳೆ, ಹಿಂದಿನ ಸೀಟಿನಲ್ಲಿ ಅತ್ತೆಯವರು, ಬ್ಯಾಟರಿ ಶೇ. 3.

ಅನುಮಾನ ಪೂರ್ತಿ ಸುಳ್ಳೂ ಅಲ್ಲ ಬಿಡಿ. ಪೆಟ್ರೋಲ್ ಐದು ನಿಮಿಷದ ಕೆಲಸ. ಫಾಸ್ಟ್ ಚಾರ್ಜರ್ ಸಿಕ್ಕರೂ ಒಂದು ಊಟದ ಹೊತ್ತು ಕಾಯಬೇಕು, ನಮಗಿಂತ ಮುಂಚೆ ಯಾರೂ ಬಂದಿಲ್ಲದಿದ್ದರೆ. ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿಗೆ ಒಂದು ಸಾಕೆಟ್ ಹಾಕಿಸಬೇಕಾದರೂ ಅಸೋಸಿಯೇಷನ್ ಮೀಟಿಂಗ್ ಆಗಬೇಕು. "ಬೆಂಕಿ ಹತ್ತಿಕೊಂಡರೆ?" ಅನ್ನುವವರು ಒಬ್ಬರಾದರೂ ಅಲ್ಲಿ ಇದ್ದೇ ಇರುತ್ತಾರೆ. ಅವರ ಕಾರು ಫುಲ್ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ಅದೇ ಬೇಸ್‌ಮೆಂಟಿನಲ್ಲಿ ನಿಂತಿರುತ್ತದೆ.

ತಮಾಷೆ ಏನೆಂದರೆ, 2001ರಲ್ಲೇ ಇದೇ ಬೆಂಗಳೂರಿನಿಂದ ರೇವಾ ಅನ್ನೋ ಎಲೆಕ್ಟ್ರಿಕ್ ಕಾರು ಬಂದಿತ್ತು. ಎರಡೇ ಬಾಗಿಲು, ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ನಮ್ಮವರು ನೋಡಿ ನಕ್ಕರು, ಕೊಂಡವರು ಕಡಿಮೆ. ಅದೇ ಕಾರು ಜಿ-ವಿಜ್ ಅನ್ನೋ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಾಡಿತು. ಅಲ್ಲಿಯವರಿಗೆ ಭೂಮಿಯ ಮೇಲೆ ನಮಗಿಂತ ಪ್ರೀತಿ ಜಾಸ್ತಿ ಅಂತಲ್ಲ. 2003ರಲ್ಲಿ ನಗರದ ನಡುಭಾಗಕ್ಕೆ ಕಾರು ತರಲು ದಿನಕ್ಕೆ 5 ಪೌಂಡ್ ಶುಲ್ಕ ಹಾಕಿದರು, ಎಲೆಕ್ಟ್ರಿಕ್ ಗಾಡಿಗೆ ಆಗ ಅದು ಮಾಫಿ ಇತ್ತು. ಮುಂದಿನ ಲೆಕ್ಕ ಜನರೇ ಹಾಕಿಕೊಂಡರು.

ನಾವೇನು ಬೇರೆಯೇ? ನಮ್ಮ ತಾರಸಿಗಳ ಮೇಲೆ ಸಾಲುಸಾಲು ಸೋಲಾರ್ ವಾಟರ್ ಹೀಟರ್ ಇವೆ. ಪರಿಸರದ ಭಾಷಣ ಕೇಳಿ ಹಾಕಿಸಿದ್ದಲ್ಲ. ಹೊಸ ಮನೆಗೆ ಅದು ಬೇಕೇ ಬೇಕು ಎಂಬ ನಿಯಮ ಬಂತು, ಗೀಸರಿನ ಕರೆಂಟ್ ಬಿಲ್ಲೂ ಉಳಿಯಿತು. ನನಗಂತೂ ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣುವುದಿಲ್ಲ. ಜೇಬಿನ ದಾರಿಯಲ್ಲಿ ಬಂದ ಒಳ್ಳೆಯ ಬುದ್ಧಿಯೂ ಒಳ್ಳೆಯ ಬುದ್ಧಿಯೇ, ಅಲ್ವಾ?

ಈಗ ಎಷ್ಟೋ ಮನೆಗಳಲ್ಲಿ ಮಗ ಎಲೆಕ್ಟ್ರಿಕ್ ಸ್ಕೂಟರ್ ತಂದಿದ್ದಾನೆ. "ಬ್ಯಾಟರಿ ಗಾಡಿ ನಂಬೋಕಾಗಲ್ಲ" ಅಂದಿದ್ದ ಅಪ್ಪ ಬೆಳಗ್ಗೆ ಅದರಲ್ಲೇ ತರಕಾರಿಗೆ ಹೊರಡುತ್ತಾರೆ. ಚೀಲ ಮಾತ್ರ ಮನೆಯಲ್ಲೇ ಉಳಿದಿರುತ್ತದೆ. "ಒಂದು ಕವರ್ ಕೊಡಪ್ಪ" ಅನ್ನುತ್ತಾರೆ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕವರ್ ನಿಷೇಧ. ಅಂಗಡಿಯವನು ಆಚೀಚೆ ನೋಡಿ, ತಕ್ಕಡಿಯ ಕೆಳಗಿನಿಂದ ಒಂದನ್ನು ಎಳೆದು ಕೊಡುತ್ತಾನೆ.