ಒತ್ತುವುದು ಕೊನೆಗೆ

ಲೇಖನ ಚೆನ್ನಾಗಿದೆ. ಆದರೆ ಹೊಟ್ಟೆನೋವು ಅಂತ ಬಂದವರ ಹೊಟ್ಟೆಯನ್ನು ನರ್ಸ್ ಮೊದಲು ಒತ್ತಿ ನೋಡುತ್ತಾರೆ ಎಂದು ಬರೆದಿದ್ದೀರಲ್ಲ, ಅದು ಉಲ್ಟಾ ಆಯಿತು. ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ನರ್ಸ್.

ನಾವು ಮೊದಲು ಕಣ್ಣಲ್ಲಿ ನೋಡುತ್ತೇವೆ. ಹೊಟ್ಟೆ ಉಬ್ಬಿದೆಯಾ, ಹಳೇ ಆಪರೇಷನ್ ಗುರುತು ಇದೆಯಾ ಅಂತ. ಆಮೇಲೆ ಸ್ಟೆತಾಸ್ಕೋಪ್. ಬೆರಳಿಂದ ತಟ್ಟುವುದು, ಒತ್ತುವುದು ಅದಾದ ಮೇಲೆ. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗಬಹುದು. ಸಾಮಾನ್ಯವಾಗಿ ನಿಮಿಷಕ್ಕೆ 5ರಿಂದ 30 ಸಲ ಗುಳುಗುಳು ಕೇಳಿಸುತ್ತದೆ. ಸದ್ದೇ ಇಲ್ಲ ಎಂದು ಬರೆಯುವ ಮೊದಲು ಪೂರ್ತಿ 5 ನಿಮಿಷ ಕೇಳಬೇಕು ಅಂತ ನಮಗೆ ಕಲಿಸುತ್ತಾರೆ. ವಿಸಿಟಿಂಗ್ ಟೈಮಲ್ಲಿ, ಜನರಲ್ ವಾರ್ಡಿನ ಗಲಾಟೆಯಲ್ಲಿ ಅದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು! ನೋವಿರುವ ಜಾಗವನ್ನಂತೂ ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು. ಇಲ್ಲದಿದ್ದರೆ ಅವರು ಹೊಟ್ಟೆ ಬಿಗಿ ಹಿಡಿದುಬಿಡುತ್ತಾರೆ, ಮುಂದೆ ಏನೂ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ನಮ್ಮೂರಲ್ಲಿ ಎಲ್ಲದಕ್ಕೂ ‘ಗ್ಯಾಸ್ಟ್ರಿಕ್’ ಅಂತಾರೆ. ಎದೆ ಉರಿದರೂ ಅದೇ, ಮೋಷನ್ ಆಗದಿದ್ದರೂ ಅದೇ. ಹಾಗಾಗಿ ಬಿಡಿಸಿ ಕೇಳಬೇಕು, ಸಂಕೋಚ ಪಟ್ಟರೆ ಆಗುವುದಿಲ್ಲ. ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿದ್ದರೆ ಜಠರದ ಕಡೆ ರಕ್ತ ಸೋರುತ್ತಿರಬಹುದು. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಅದಕ್ಕೇ ಮಾತ್ರೆ ಚೀಟಿಯನ್ನೂ ನೋಡುತ್ತೇವೆ. ಮೇಲ್ಹೊಟ್ಟೆ ನೋವಿನ ಜೊತೆ ಬೆವರು, ಉಸಿರಾಟಕ್ಕೆ ಕಷ್ಟ ಇದ್ದರೆ ಅದು ಹಾರ್ಟ್ ಅಟ್ಯಾಕೂ ಇರಬಹುದು. ಅಂಥವರಿಗೆ ಮನೆಯಲ್ಲಿ ಈನೋ ಕುಡಿಸಿ ಕಾಯಬೇಡಿ, ತಕ್ಷಣ ಕರೆತಂದು ಇಸಿಜಿ ಮಾಡಿಸಿ.