ಬಸವರೆಡ್ಡಿ ನಮ್ಮ ಕಡೆಯವನಲ್ಲ, ಚಿಕ್ಕಪ್ಪಾ

2025ರ ಜನವರಿ 13. ಆಸ್ಟ್ರೇಲಿಯನ್ ಓಪನ್ ಟೆನಿಸ್‌ನ ಮೊದಲ ಸುತ್ತು. ಮೆಲ್ಬರ್ನ್‌ನ ರಾಡ್ ಲೇವರ್ ಅರೀನಾದಲ್ಲಿ 19 ವರ್ಷದ ಹುಡುಗನೊಬ್ಬ ಜೊಕೊವಿಚ್ ಕೈಯಿಂದ ಮೊದಲ ಸೆಟ್ಟನ್ನು 6-4ರಲ್ಲಿ ಕಿತ್ತುಕೊಂಡ. ಅದೇ ಕೋರ್ಟಿನಲ್ಲಿ ಹತ್ತು ಸಲ ಕಪ್ ಎತ್ತಿದ ಮನುಷ್ಯನ ಕೈಯಿಂದ! ಆಂಡಿ ಮರ್ರೆ ಜೊಕೊವಿಚ್‌ಗೆ ಕೋಚ್ ಆಗಿ ಕೂತಿದ್ದ ಮೊದಲ ಮ್ಯಾಚು ಬೇರೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪನ ಮೆಸೇಜು ಬಂತು: "ಯಾರೋ ಬಸವರೆಡ್ಡಿ ಅಂತೆ. ನಮ್ ಬಳ್ಳಾರಿ ಕಡೆಯವನೇ ಇರ್ಬೇಕು, ನೋಡೋ."

ನೋಡಿದೆ. ಅಲ್ಲ. ನಿಶೇಷ್ ಬಸವರೆಡ್ಡಿಯ ಅಪ್ಪ ಅಮ್ಮ ನೆಲ್ಲೂರಿನವರು. ಹುಡುಗ ಹುಟ್ಟಿದ್ದು 2005ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಬೆಳೆದದ್ದು ಇಂಡಿಯಾನಾದ ಕಾರ್ಮೆಲ್ ಅನ್ನುವ ಊರಲ್ಲಿ. ಆಮೇಲಿನ ಮೂರು ಸೆಟ್ ಜೊಕೊವಿಚ್ 6-3, 6-4, 6-2ರಲ್ಲಿ ಗೆದ್ದ. ಗ್ರೂಪಿನಲ್ಲಿ ಬಸವರೆಡ್ಡಿ ಸುದ್ದಿಯೂ ಅಲ್ಲಿಗೇ ನಿಂತಿತು.

ನನಗೆ ನಿಲ್ಲಲಿಲ್ಲ. ಈ ಹುಡುಗ ಆ ಮ್ಯಾಚಿಗೆ ಒಂದು ತಿಂಗಳ ಮುಂಚಿನವರೆಗೆ ಕಾಲೇಜು ಹುಡುಗ. ಅದೂ ಸ್ಟ್ಯಾನ್‌ಫರ್ಡ್. ಜೂನಿಯರ್‌ನಲ್ಲಿ ಆಗಲೇ ಹೆಸರು ಮಾಡಿದ್ದ, 2022ರಲ್ಲಿ ಓಜಾನ್ ಬಾರಿಸ್ ಜೊತೆ ಯುಎಸ್ ಓಪನ್ ಬಾಲಕರ ಡಬಲ್ಸ್ ಗೆದ್ದಿದ್ದ. ನಮ್ಮಲ್ಲಾಗಿದ್ದರೆ ಎರಡೇ ದಾರಿ. "ಇಷ್ಟು ಚೆನ್ನಾಗಿ ಆಡ್ತಾನೆ, ಓದು ಬಿಡಿಸಿ" ಅನ್ನುವವರು ಒಬ್ಬರು, "ಸ್ಟ್ಯಾನ್‌ಫರ್ಡ್ ಸೀಟು ಸಿಕ್ಕಿದೆ, ಆಟ ಬಿಡಿಸಿ" ಅನ್ನುವವರು ಹತ್ತು ಜನ. ಅವನು ಎರಡನ್ನೂ ಬಿಡಲಿಲ್ಲ. ಎರಡು ವರ್ಷ ಕಾಲೇಜು ಟೀಮಿಗೆ ಆಡಿದ.

ಕಾಲೇಜು ಟೆನಿಸ್ ಅಂದ್ರೆ ಇಂಟರ್ ಕಾಲೇಜು ಪಂದ್ಯದ ತರಹ ಸುಮ್ನೆ ಒಂದು ಸರ್ಟಿಫಿಕೇಟಿಗೆ ಆಡೋದು ಅಂದುಕೊಂಡಿದ್ದೆ. ಯೂಟ್ಯೂಬಿನಲ್ಲಿ ಒಂದು ಪಂದ್ಯ ನೋಡಿದ ಮೇಲೆ ಆ ಭ್ರಮೆ ಹೋಯಿತು. ಎರಡು ಟೀಮು. ಮೊದಲು ಮೂರು ಡಬಲ್ಸ್, ಅದರಲ್ಲಿ ಎರಡು ಗೆದ್ದವರಿಗೆ ಒಂದು ಪಾಯಿಂಟು. ಆಮೇಲೆ ಆರು ಸಿಂಗಲ್ಸ್, ಒಂದೊಂದಕ್ಕೆ ಒಂದು ಪಾಯಿಂಟು. ಮೊದಲು ನಾಲ್ಕು ಪಾಯಿಂಟು ಮುಟ್ಟಿದ ಟೀಮು ಗೆದ್ದಂತೆ. ಆರೂ ಸಿಂಗಲ್ಸ್ ಅಕ್ಕಪಕ್ಕದ ಕೋರ್ಟುಗಳಲ್ಲಿ ಒಟ್ಟಿಗೇ ನಡೆಯುತ್ತಿರುತ್ತವೆ. ನೀನು ಸರ್ವ್ ಮಾಡೋಕೆ ಚೆಂಡು ಎಸೆದಾಗ ಪಕ್ಕದ ಕೋರ್ಟಿನಲ್ಲಿ ಯಾರೋ ಗೆದ್ದು ಕಿರುಚುತ್ತಾನೆ. ವಿಂಬಲ್ಡನ್‌ನ ಹಾಗೆ "ಶ್" ಅನ್ನುವವರು ಯಾರೂ ಇಲ್ಲ.

ಡ್ಯೂಸ್ ಆದರೆ, ಅಂದ್ರೆ 40-40 ಸಮ ಆದರೆ, ಎರಡು ಪಾಯಿಂಟ್ ಮುಂದೆ ಹೋಗಬೇಕೆನ್ನುವ ಅಡ್ವಾಂಟೇಜ್ ಇಲ್ಲ, ಒಂದೇ ಪಾಯಿಂಟು, ಗೇಮ್ ಮುಗೀತು. ಇನ್ನೊಂದು ಮಜಾ ಇದೆ. ಸರ್ವ್ ನೆಟ್ಟಿಗೆ ತಾಗಿ ಆ ಕಡೆ ಸರಿಯಾದ ಜಾಗದಲ್ಲಿ ಬಿದ್ದರೆ 'ಲೆಟ್' ಅಂತ ಮತ್ತೆ ಸರ್ವ್ ಮಾಡಿಸೋದಿಲ್ಲ, ಆಟ ಮುಂದುವರಿಯುತ್ತದೆ. ಬ್ಯಾಕ್‌ಹ್ಯಾಂಡಿಗೆ ರೆಡಿಯಾಗಿ ನಿಂತವನು ಎದ್ದೆನೋ ಬಿದ್ದೆನೋ ಅಂತ ನೆಟ್ ಕಡೆ ಓಡಬೇಕು. ಇಂಥದ್ದನ್ನು ಎರಡು ವರ್ಷ ಆಡಿದವನಿಗೆ ರಾಡ್ ಲೇವರ್ ಅರೀನಾದ ಗದ್ದಲ ಎಷ್ಟರದ್ದು?

"ಎರಡು ವರ್ಷ ಹಾಳಾಯ್ತು, ಅಲ್ಕರಾಜ್ 19ಕ್ಕೆ ನಂಬರ್ ಒನ್ ಆಗಿದ್ದ" ಅಂತ ಗೆಳೆಯನೊಬ್ಬ ವಾದ ಮಾಡಿದ. ಅಲ್ಕರಾಜ್ ಲೆಕ್ಕವೇ ಬೇರೆ ಮಾರಾಯಾ. ಅಂಥವರು ಎಷ್ಟು ಜನ ಹುಟ್ಟುತ್ತಾರೆ? ಉಳಿದವರು 300ನೇ, 400ನೇ ರ‍್ಯಾಂಕಿನಲ್ಲಿ ಊರೂರು ಅಲೆಯುತ್ತಾ, ಸೋತ ದಿನವೇ ರೂಮು ಖಾಲಿ ಮಾಡುತ್ತಾ, ಕೋಚಿನ ಖರ್ಚನ್ನೂ ತಾವೇ ಕೊಡುತ್ತಾ ಇರುತ್ತಾರೆ. ಕಾಲೇಜಿನಲ್ಲಿ ಕೋಚು, ಫಿಸಿಯೋ, ಜಿಮ್ಮು, ಜೊತೆಗೆ ಆಡಲು ಒಂದು ಡಜನ್ ಗಟ್ಟಿ ಹುಡುಗರು, ಎಲ್ಲ ಒಂದೇ ಕಡೆ. ನಿಶೇಷ್ 2024ನ್ನು ಶುರು ಮಾಡಿದ್ದು 400ರ ಆಚೆಯ ರ‍್ಯಾಂಕಿನಿಂದ. ಅಮೆರಿಕದ ಟಿಬುರಾನ್ ಮತ್ತು ಮೆಕ್ಸಿಕೋದ ಪುಯೆರ್ಟೊ ವಯಾರ್ಟಾದಲ್ಲಿ ಚಾಲೆಂಜರ್ ಟೂರ್ನಿ (ದೊಡ್ಡ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು) ಗೆದ್ದ. ವರ್ಷ ಮುಗಿಯುವಾಗ 150ರ ಒಳಗಿದ್ದ. ಇದನ್ನು ಹಾಳಾದ ವರ್ಷ ಅಂತೀಯಾ?

ಕಾಲೇಜು ಬಿಟ್ಟು ಹೋಗುವ ಹೊತ್ತು ಯಾವುದು ಅಂತಲೂ ಅವನಿಗೆ ಗೊತ್ತಿತ್ತು. ಚಾಲೆಂಜರ್ ಗೆಲುವುಗಳಿಂದ ಆಸ್ಟ್ರೇಲಿಯನ್ ಓಪನ್‌ಗೆ ವೈಲ್ಡ್ ಕಾರ್ಡ್, ಅಂದ್ರೆ ರ‍್ಯಾಂಕ್ ಸಾಲದಿದ್ದರೂ ನೇರ ಪ್ರವೇಶ, ಸಿಕ್ಕಿತು. ಮೊದಲ ಸುತ್ತಿನಲ್ಲಿ ಸೋತರೂ 1,32,000 ಆಸ್ಟ್ರೇಲಿಯನ್ ಡಾಲರ್. ಕಾಲೇಜು ಆಟಗಾರನಾಗೇ ಇದ್ದಿದ್ದರೆ ಆಗಿನ ನಿಯಮದಂತೆ ಅದರ ದೊಡ್ಡ ಪಾಲನ್ನು ಅವನು ಮುಟ್ಟುವ ಹಾಗಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಪ್ರೊ, ಅಂದ್ರೆ ವೃತ್ತಿಪರ ಆಟಗಾರ ಆದ. ಸರಿಯಾಗೇ ಮಾಡಿದ.

ಹಾಂ, ಚಿಕ್ಕಪ್ಪಾ, ನಿಮಗೆ ನಮ್ಮ ಕಡೆಯ ನಂಟೇ ಬೇಕು ಅಂದ್ರೆ ಒಂದಿದೆ. ಕಾರ್ಮೆಲ್‌ನಲ್ಲಿ ನಿಶೇಷ್‌ಗೆ ಅಣ್ಣನ ಹಾಗೆ ದಾರಿ ತೋರಿಸಿದವನು ರಾಜೀವ್ ರಾಮ್. ಅವನ ಅಪ್ಪ ಅಮ್ಮ ನಮ್ಮ ಬೆಂಗಳೂರಿನವರು. ಅವನೂ ಕಾಲೇಜಿನಿಂದಲೇ ಬಂದವನು. 2003ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಟೀಮು ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಆ ಟೀಮಿನಲ್ಲಿದ್ದ, ಡಬಲ್ಸ್ ಪ್ರಶಸ್ತಿಯನ್ನೂ ಗೆದ್ದ. ಡಬಲ್ಸ್‌ನಲ್ಲಿ ನಂಬರ್ ಒನ್ ಆದದ್ದು 2022ರಲ್ಲಿ, 38ನೇ ವಯಸ್ಸಿನಲ್ಲಿ! ಆದರೆ ಅವನ ಮೇಲೆ ನನಗೆ ಒಂಚೂರು ಕೋಪ ಇದೆ. 2016ರ ರಿಯೋ ಒಲಿಂಪಿಕ್ಸ್ ಮಿಶ್ರ ಡಬಲ್ಸ್ ಸೆಮಿಫೈನಲ್‌ನಲ್ಲಿ ವೀನಸ್ ವಿಲಿಯಮ್ಸ್ ಜೊತೆ ಸೇರಿ ನಮ್ಮ ಕೊಡಗಿನ ಬೋಪಣ್ಣ ಮತ್ತು ಸಾನಿಯಾರನ್ನು ಸೋಲಿಸಿದ. 2023ರ ಯುಎಸ್ ಓಪನ್ ಡಬಲ್ಸ್ ಫೈನಲ್‌ನಲ್ಲಿ ಬೋಪಣ್ಣ ಮೊದಲ ಸೆಟ್ ಗೆದ್ದಿದ್ದರೂ ಮತ್ತೆ ಅದೇ ಕತೆ. ನಮ್ಮವರು ನಮ್ಮವರು ಅಂತ ಹುಡುಕಿದರೆ ಹೀಗೂ ಆಗುತ್ತೆ.

ಅದಕ್ಕೇ ನನಗೆ ಹೊಟ್ಟೆಕಿಚ್ಚು ಆ ಹೆಸರಿನ ಮೇಲಲ್ಲ, ಆ ಕಾಲೇಜಿನ ಮೇಲೆ. ಸೋಮ್‌ದೇವ್ ದೇವ್‌ವರ್ಮನ್‌ನನ್ನು ನೆನಪಿಸಿಕೊಳ್ಳಿ. ಚೆನ್ನೈಯಲ್ಲಿ ಆಡಿ ಬೆಳೆದ ಹುಡುಗ ವರ್ಜೀನಿಯಾ ವಿಶ್ವವಿದ್ಯಾಲಯ ಸೇರಿ 2007ರ ರಾಷ್ಟ್ರೀಯ ಕಾಲೇಜು ಸಿಂಗಲ್ಸ್ ಫೈನಲ್‌ನಲ್ಲಿ ಜಾನ್ ಇಸ್ನರ್‌ನನ್ನು ಸೋಲಿಸಿದ, 2008ರಲ್ಲಿ ಮತ್ತೆ ಗೆದ್ದ. ಓದುತ್ತಾ ಆಡಲು ಅವನೂ ಸಮುದ್ರ ದಾಟಬೇಕಾಯಿತು.

ನಮ್ಮ ಬೀದಿಯಲ್ಲೊಂದು ಹುಡುಗಿ ಇದ್ದಳು. ಬೆಳಗ್ಗೆ ಐದೂವರೆಗೆ ಅಪ್ಪನ ಸ್ಕೂಟರಿನಲ್ಲಿ ಕೋಚಿಂಗಿಗೆ ಹೋಗುತ್ತಿದ್ದಳು. ಪಿಯುಸಿ ಸೈನ್ಸ್ ತಗೊಂಡಳು. ಟೂರ್ನಿಗೆ ಹೋದ ದಿನಗಳಿಗೆಲ್ಲ ಕಾಲೇಜಿನವರು ಹಾಜರಿ ಕಡಿದರು. ಆರು ತಿಂಗಳು ಜಗ್ಗಾಡಿ ಬಿಟ್ಟಳು. ಈಗ ಆ ರಾಕೆಟ್ಟು ಅವರ ಮನೆ ಅಟ್ಟದ ಮೇಲಿದೆ, ಗಣೇಶ ಹಬ್ಬದ ಸೀರಿಯಲ್ ಸೆಟ್ಟಿನ ಡಬ್ಬದ ಪಕ್ಕ.

ಅಮೆರಿಕದಲ್ಲಿರುವ ಗೆಳೆಯರೇ, ನಿಮ್ಮ ಮಕ್ಕಳು ಯಾರಾದರೂ ಕಾಲೇಜು ಟೀಮಿನಲ್ಲಿ ಟೆನಿಸ್ ಆಡುತ್ತಿದ್ದಾರಾ? ಪರೀಕ್ಷೆ ದಿನವೇ ಮ್ಯಾಚ್ ಬಂದರೆ ಅಲ್ಲಿ ಹೇಗೆ ನಿಭಾಯಿಸುತ್ತಾರೆ? ಸ್ವಲ್ಪ ಬಿಡಿಸಿ ಬರೆಯಿರಿ. ಆ ಹುಡುಗಿಯ ತಮ್ಮನಿಗೆ ಈಗ ಹನ್ನೆರಡು ವರ್ಷ, ಅವರಪ್ಪ ಕೇಳುತ್ತಿದ್ದಾರೆ.